ಪೊರ್ಬುಗಳ ಒಳಹೊಲಿಗೆ

ಹೋದ ತಿಂಗಳು ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ನನ್ನನ್ನು ತಡೆದು ನಿಲ್ಲಿಸಿ, ರಿಯಾದಿನ ಆಸ್ಪತ್ರೆಯಲ್ಲಿ ನಿಮ್ಮ ಜೊತೆಗಿದ್ದ ದರ್ಜಿ ತೀರಿಕೊಂಡರಂತೆ, ಗೊತ್ತಾಯಿತಾ ಎಂದು ಕೇಳಿದರು. ಗೊತ್ತಿರಲಿಲ್ಲ. ಹೇಗಿದ್ದರು ಮನುಷ್ಯ ಎಂದು ಅವರು ಮುಂದುವರಿದಾಗ, ಒಳ್ಳೆಯ ಕೆಲಸಗಾರ, ಅಳತೆ ತಪ್ಪುತ್ತಿರಲಿಲ್ಲ ಎಂದೆ. ಅಷ್ಟರಲ್ಲಿ ಕುಂದಾಪುರದ ಬಸ್ಸು ಬಂತು, ಅವರು ಹತ್ತಿಕೊಂಡರು. ಆ ಉತ್ತರ ಮಾತ್ರ ಮೀನಿನ ಮುಳ್ಳಿನ ಹಾಗೆ ನನ್ನ ಗಂಟಲಲ್ಲೇ ಉಳಿಯಿತು. ನನಗೆ ಅವರ ಬಗ್ಗೆ ಗೊತ್ತಿದ್ದದ್ದು ಅಷ್ಟೇ ಆಗಿದ್ದರೆ ಇಷ್ಟು ವರ್ಷ ಇನ್ನೂ ಸ್ವಲ್ಪ ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ.

ಪೊರ್ಬುಗಳು ಎಂದರೆ ನಮ್ಮ ಕಡೆ ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವ ಮಾತು. ನನಗೆ ಅವರು ಪೊರ್ಬುಗಳು, ಅವರಿಗೆ ನಾನು ಶೆಟ್ರು. ಆಸ್ಪತ್ರೆಯ ಉಳಿದವರಿಗೆಲ್ಲ ಅವರು ಖಯ್ಯಾತ್, ಅಂದರೆ ದರ್ಜಿ. ಎಂಬತ್ತರ ದಶಕದ ನಡುವಿನ ವರ್ಷಗಳು ಅವು. ನಾನು ಆಡಳಿತ ಕಚೇರಿಯಲ್ಲಿ ಗುಮಾಸ್ತ. ಇಕಾಮಾ ಎಂಬ ವಾಸದ ಪರವಾನಗಿಯ ನವೀಕರಣ, ರಜೆಯ ಅರ್ಜಿ, ಒಂದು ಊರಿಂದ ಇನ್ನೊಂದು ಊರಿಗೆ ಹೋಗಬೇಕಾದವರಿಗೆ ಕಫೀಲನ, ಅಂದರೆ ಕೆಲಸ ಕೊಟ್ಟ ಧಣಿಯ, ಅನುಮತಿ ಪತ್ರ, ಎಲ್ಲವೂ ನನ್ನ ಟೈಪ್‌ರೈಟರಿನಿಂದ ಹೊರಬೀಳಬೇಕು. ಅವರದ್ದು ನೆಲಮಾಳಿಗೆಯಲ್ಲಿ ಲಾಂಡ್ರಿಯ ಪಕ್ಕದ ಕೋಣೆ. ಒಂದು ಹೊಲಿಗೆ ಮಿಷನ್, ಒಂದು ಉದ್ದ ಮೇಜು, ಹರಿದ ಬೆಡ್‌ಶೀಟುಗಳ ರಾಶಿ. ಕಿಟಕಿ ಇರಲಿಲ್ಲ.

ಬಂಟರ ಮನೆಯಲ್ಲಿ ಹುಟ್ಟಿದವನಿಗೆ ಧೈರ್ಯ ತನ್ನಿಂದ ತಾನೇ ಬರುತ್ತದೆ ಎಂದು ನಂಬುವವರು ನನ್ನನ್ನೊಮ್ಮೆ ನೋಡಬೇಕು. ನನ್ನ ಇಕಾಮಾ ಅಂಗಿಯ ಕಿಸೆಯಲ್ಲಿದ್ದರೆ ಅದರ ಝೆರಾಕ್ಸ್ ಪ್ರತಿ ಕಾಲುಚೀಲದಲ್ಲಿರುತ್ತಿತ್ತು. ನಮಾಜಿನ ಹೊತ್ತಿಗೆ ಅಂಗಡಿಗಳು ಬಾಗಿಲು ಹಾಕುತ್ತವಲ್ಲ, ಅದಕ್ಕೆ ಐದು ನಿಮಿಷ ಮೊದಲೇ ನಾನು ಅರ್ಧ ಸಾಮಾನು ಬಿಟ್ಟು ರಸ್ತೆ ದಾಟಿರುತ್ತಿದ್ದೆ, ಯಾರಾದರೂ ಏನಾದರೂ ಕೇಳಿಬಿಟ್ಟಾರು ಎಂದು. ಆವರೆಗೂ ಯಾರೂ ಏನೂ ಕೇಳಿರಲಿಲ್ಲ. ಅದೂ ನನಗೆ ಒಂದು ಚಿಂತೆಯೇ.

ಪೊರ್ಬುಗಳಿಗೆ ಹಾಡದೆ ಹೊಲಿಯಲಿಕ್ಕೆ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಇಗರ್ಜಿಯ, ಚರ್ಚಿನ ಹಾಡುಗಳು ಮಾತ್ರ, ಆ ಊರಿನಲ್ಲಿ ಅವನ್ನು ಹಾಡುವ ಹಾಗಿಲ್ಲ. ಅವರು ಕಂಡುಕೊಂಡ ಉಪಾಯ ಗುಂಡುಸೂಜಿ. ನಾಲ್ಕಾರು ಸೂಜಿಗಳನ್ನು ತುಟಿಯ ನಡುವೆ ಕಚ್ಚಿಕೊಂಡು ಮೂಗಿನಿಂದ ಗುನುಗುವುದು. ನಾನು ಬೆದರಿ ಬಾಗಿಲು ಹಾಕಿದರೆ ಸೂಜಿಗಳನ್ನು ಅಂಗೈಗೆ ಉಗುಳಿ, “ಬಾಯಲ್ಲಿ ಸೂಜಿ ಇರುವವನು ಹಾಡ್ತಿದ್ದ ಅಂತ ಯಾರು ಸಾಕ್ಷಿ ಹೇಳ್ತಾರೆ ಶೆಟ್ರೇ?” ಎನ್ನುತ್ತಿದ್ದರು. ಶುಕ್ರವಾರ ಯಾರದೋ ಮನೆಯಲ್ಲಿ ಸೇರಿ ಪ್ರಾರ್ಥಿಸಿದವರನ್ನು ಹಿಡಿದು ಊರಿಗೆ ಕಳಿಸಿದರಂತೆ ಎಂಬ ಸುದ್ದಿ ಆಗಾಗ ಬರುತ್ತಿತ್ತು. ಎಷ್ಟು ನಿಜವೋ. ನನಗೆ ‘ಅಂತೆ’ ಸಾಕಾಗುತ್ತಿತ್ತು.

ಅವರ ಒಬ್ಬಳೇ ತಂಗಿ ಕನ್ಯಾಸ್ತ್ರೀ. ಮಂಗಳೂರಿನಿಂದ ಹೋಗಿ ಸುಡಾನಿನ ಪೂರ್ವದ ಒಂದು ಹಳ್ಳಿಯಲ್ಲಿ, ಇನ್ನೂ ಕೆಲವು ಸಿಸ್ಟರುಗಳ ಜೊತೆ ಔಷಧದ ಮನೆಯೊಂದನ್ನು ನಡೆಸುತ್ತಿದ್ದರು. ಮಳೆ ಬಾರದ ವರ್ಷಗಳು. ಗಡಿಯಾಚೆಯಿಂದ ನಡೆದು ಬಂದವರು ಮುಳ್ಳುಮರದ ಕೆಳಗೆ ಬೀಡುಬಿಟ್ಟಿದ್ದರು. ವಿಧವೆಯರಿಗೆ ಒಂದೊಂದು ಹೆಣ್ಣು ಆಡು ಕೊಡುವುದು, ಅದರ ಮೊದಲ ಮರಿಯನ್ನು ಪಕ್ಕದ ಗುಡಿಸಲಿನವಳಿಗೆ ಕೊಡಿಸುವುದು, ಮಕ್ಕಳನ್ನು ತಕ್ಕಡಿಯಲ್ಲಿ ತೂಗಿ ತೂಕ ಕಡಿಮೆ ಇದ್ದವಕ್ಕೆ ಹಾಲಿನ ಗಂಜಿ ಕುಡಿಸುವುದು, ಇದು ಅವರ ಕೆಲಸ.

ಆ ಸುದ್ದಿ ರಿಯಾದಿಗೆ ಬರುತ್ತಿದ್ದ ದಾರಿ ವಿಚಿತ್ರ. ಕಾನ್ವೆಂಟಿನ ಮುದ್ರೆ ಇರುವ ಕಾಗದ ನೇರ ಬಂದರೆ ಯಾರಾದರೂ ಒಡೆದು ಓದಿಯಾರು ಎಂದು ತಂಗಿ ಮಂಗಳೂರಿಗೆ ಬರೆಯುವುದು. ಅಲ್ಲಿ ಪೊರ್ಬುಗಳ ಹೆಂಡತಿ ಅದನ್ನು ತನ್ನ ಕೈಬರಹದಲ್ಲಿ, ಶಬ್ದ ಬದಲಿಸಿ, ಇಲ್ಲಿಗೆ ಕಳಿಸುವುದು. ಕಾನ್ವೆಂಟು ‘ಗಂಡನ ಮನೆ’ಯಾಗುತ್ತಿತ್ತು, ಮದರ್ ಸುಪೀರಿಯರ್ ‘ಅತ್ತೆ’, ಉಳಿದ ಸಿಸ್ಟರುಗಳು ‘ನಾದಿನಿಯರು’. ಅತ್ತೆಗೆ ಮಲೇರಿಯಾ, ಹೊಸ ನಾದಿನಿ ಐರ್ಲೆಂಡಿನವಳು, ತುಂಬ ಬೆಳ್ಳಗೆ ಎಂದು ಓದಿ ಹೇಳುವಾಗ ಅವರು ನಗುತ್ತಿದ್ದರು. ಓದುವ ಅಧಿಕಾರಿಗೆ ಈ ಸಂಸಾರದ ಮೇಲೆ ಅನುಮಾನ ಬಾರದೆ ಇದ್ದೀತೇ ಎಂದು ನನಗೆ ಅನ್ನ ಸೇರುತ್ತಿರಲಿಲ್ಲ.

ಒಂದು ಕಾಗದದಲ್ಲಿ ತಂಗಿ ಬರೆದಿದ್ದರು: ತಾಯಂದಿರು ಮಕ್ಕಳನ್ನು ತೂಗಿಸಲಿಕ್ಕೆ ತರುವುದಿಲ್ಲ, ತೂಗಿದ ಮಗುವಿನ ಮೇಲೆ ದೃಷ್ಟಿ ಬೀಳುತ್ತದೆ ಎಂಬ ಭಯ. ಆದರೆ ತೂಗಿದ ಮೇಲೆ ಒಂದು ಹೊಸ ಅಂಗಿ ತೊಡಿಸಿ ಕಳಿಸಿದರೆ ಮರುದಿನ ಹತ್ತು ಜನ ಬರುತ್ತಾರೆ. ಅಂಗಿಯ ಆಸೆಗೆ ಎರಡು ದಿನದ ದಾರಿ ನಡೆದು ಬರುತ್ತಾರೆ. ಅಂಗಿ ಇಲ್ಲದ ತಿಂಗಳು ತಕ್ಕಡಿ ಖಾಲಿ, ಗಂಜಿ ಉಳಿಯುತ್ತದೆ, ಆಮೇಲೆ ಗುಡ್ಡದ ಕಡೆಯಿಂದ ಕೆಟ್ಟ ಸುದ್ದಿ ಬರುತ್ತದೆ.

ಅದೇ ಹೊತ್ತಿಗೆ ನಮ್ಮ ಆಸ್ಪತ್ರೆಯ ನಿರ್ದೇಶಕರು, ಅವರು ಸೌದಿ ಡಾಕ್ಟರು, ಟಿ.ವಿ.ಯಲ್ಲಿ ಬರಗಾಲದ ಚಿತ್ರ ನೋಡಿ ಮನಸ್ಸು ಕರಗಿ, ಹರಿದು ಕಂಡೆಮ್ ಆದ ಬಟ್ಟೆಯನ್ನು ಸುಡಬೇಡಿ, ಸುಡಾನಿನ ಬಡವರಿಗೆ ಕೊಡಿ ಎಂದು ಅಪ್ಪಣೆ ಮಾಡಿದರು. ಅಲ್ಲಿಗೆ ಬಟ್ಟೆಗೆ ದಾರಿಯಾಯಿತು, ಆ ಬೆಡ್‌ಶೀಟುಗಳಿಂದ ಪೊರ್ಬುಗಳು ಮಕ್ಕಳ ಅಂಗಿ ಹೊಲಿಯತೊಡಗಿದರು. ಒಯ್ಯಲಿಕ್ಕೆ ಇದ್ರೀಸ್ ಇದ್ದ. ಆಸ್ಪತ್ರೆಯ ಆಂಬುಲೆನ್ಸ್ ಚಾಲಕ, ಸುಡಾನಿನವನು, ಐದು ಹೊತ್ತು ತಪ್ಪದ ನಮಾಜಿ. ಅವನ ಹಳ್ಳಿ ಆ ಔಷಧದ ಮನೆಯಿಂದ ಒಂದು ಮಧ್ಯಾಹ್ನದ ದಾರಿ. ಅವನ ಹೆಂಡತಿಯ ಹೆರಿಗೆ ಮಾಡಿಸಿದ್ದೇ ಆ ಕಾಗದಗಳ ‘ನಾದಿನಿ’ಯರಲ್ಲಿ ಒಬ್ಬರು. ರಜೆಗೆ ಹೋಗುವಾಗ ಎರಡು ಮೂರು ಪೆಟ್ಟಿಗೆ ಜೆದ್ದಾ ಬಂದರಿಗೆ, ಅಲ್ಲಿಂದ ಹಡಗಿಗೆ. ಬಡವರಿಗೆ ಬಟ್ಟೆ ಎನ್ನುವುದು ಎಲ್ಲರಿಗೂ ಗೊತ್ತು. ಯಾರ ಕೈಯಿಂದ ಕೊಡಿಸುತ್ತೇವೆ ಎನ್ನುವುದು ನಮ್ಮ ಮೂವರಿಗೆ ಮಾತ್ರ.

ಅಳತೆ ಬೇಕಲ್ಲ. ತಂಗಿ ಕಾಗದದೊಳಗೆ ಒಂದು ಬಿಳಿ ದಾರ ಇಟ್ಟು ಕಳಿಸಿದ್ದರು, ಮೂರು ಗಂಟು ಹಾಕಿ. ಮೊದಲ ಗಂಟಿನವರೆಗೆ ಒಂದು ವರ್ಷದ ಮಗುವಿನ ಎದೆಯ ಸುತ್ತಳತೆ, ಎರಡನೆಯದು ಎರಡು ವರ್ಷದ್ದು, ಮೂರನೆಯದು ಮೂರರದ್ದು. ಪೊರ್ಬುಗಳು ಅದನ್ನು ಮೇಜಿನ ಅಂಚಿಗೆ ಮೊಳೆ ಹೊಡೆದು ಕಟ್ಟಿ ಆ ವರ್ಷವಿಡೀ ಅದರಂತೆ ಕತ್ತರಿಸಿದರು. ಮರುವರ್ಷ ಇನ್ನೊಂದು ದಾರ ಬಂತು. ನಾನು ಆಗ ಅಲ್ಲೇ ಇದ್ದೆ. ಅವರು ಎರಡನ್ನೂ ಪಕ್ಕಪಕ್ಕ ಇಟ್ಟು ಎಳೆದು ನೋಡಿದರು. ಹೊಸ ದಾರದ ಮೂರನೆಯ ಗಂಟು ಹಳೆಯದರ ಎರಡನೆಯ ಗಂಟಿನವರೆಗೂ ಮುಟ್ಟುತ್ತಿರಲಿಲ್ಲ.

“ದಾರ ಕುಗ್ಗಿರ್ಬೇಕು,” ಎಂದರು. “ದಾರಿಯಲ್ಲಿ ಎಲ್ಲಿಯೋ ನೀರು ತಾಗಿರ್ಬೇಕು.”

ಅದೇ ಬಗೆಯ ದಾರದ ತುಂಡೊಂದನ್ನು ಅಳೆದು, ನೀರಿನಲ್ಲಿ ನೆನೆಸಿ, ಇಸ್ತ್ರಿಪೆಟ್ಟಿಗೆಯ ಹತ್ತಿರ ಒಣಗಿಸಿ ಮತ್ತೆ ಅಳೆದರು. ಅದು ಇದ್ದ ಹಾಗೆಯೇ ಇತ್ತು. ಆ ದಿನ ಮೂಗಿನ ಗುನುಗು ಕೇಳಿಸಲಿಲ್ಲ. ಆಮೇಲಿನ ವಾರಗಳಲ್ಲಿ ಅವರು ಊಟದ ಹೊತ್ತಿಗೂ ಮೇಲೆ ಬರುವುದನ್ನು ಬಿಟ್ಟರು. ಇದ್ರೀಸನ ರಜೆ ಹತ್ತಿರ ಬರುತ್ತಿತ್ತು. ಮೂರು ಪೆಟ್ಟಿಗೆ ತುಂಬಿದರು. ಅಂಗಿಗಳು ಎಷ್ಟು ಸಣ್ಣವೆಂದರೆ ಮೊದಲು ಎರಡು ಪೆಟ್ಟಿಗೆಯಲ್ಲಿ ಹಿಡಿಸುತ್ತಿದ್ದಷ್ಟು ಈಗ ಒಂದರಲ್ಲೇ ಹಿಡಿಸುತ್ತಿತ್ತು. ಅದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಇದ್ರೀಸ್ ಬುಧವಾರ ಹೊರಟ. ಜೆದ್ದಾದಲ್ಲಿ ಬಂದರಿನ ಹತ್ತಿರ ಅವನ ಸಂಬಂಧಿಕನದ್ದು ಒಂದು ಪಂಕ್ಚರ್ ಅಂಗಡಿ, ಅಲ್ಲಿ ಉಳಿದು ಭಾನುವಾರದ ಹಡಗು ಹಿಡಿಯುವುದೆಂದು ಲೆಕ್ಕ. ಗುರುವಾರ ಅರ್ಧ ದಿನದ ಕೆಲಸ, ಶುಕ್ರವಾರ ವಾರದ ರಜೆ. ಒಂದು ಗುಂಡಿ ಹಾಕಿಸಿಕೊಳ್ಳಲು ನಾನು ಕೆಳಗಿಳಿದೆ. ಮೇಜಿನ ಮೇಲೆ ಪೆಟ್ಟಿಗೆಯಲ್ಲಿ ಹಿಡಿಸದೆ ಉಳಿದ ಒಂದು ಅಂಗಿ ಇತ್ತು. ಬಟ್ಟೆಯ ಹೊರಗಿನದ್ದು ಇಸ್ತ್ರಿಯವನ ಕೆಲಸ, ದರ್ಜಿಯ ಕೆಲಸ ಒಳಗಡೆ ನೋಡಬೇಕು ಎನ್ನುವುದು ಪೊರ್ಬುಗಳ ಮಾತು. ನಾನೂ ಸುಮ್ಮನೆ ಅದನ್ನು ಒಳಮೈ ಹೊರಗೆ ಮಾಡಿ, ಅಂಚಿನ ಮಡಿಕೆಯನ್ನು ಬೆರಳಿನಿಂದ ಬಿಡಿಸಿದೆ. ಮಡಿಕೆಯೊಳಗೆ, ಮಿಷನ್ ಹೊಲಿಗೆ ಶುರುವಾಗುವ ಜಾಗದಲ್ಲಿ, ಕೈಯಲ್ಲಿ ಹಾಕಿದ ಎರಡು ಕೆಂಪು ಹೊಲಿಗೆ. ಒಂದು ನಿಂತದ್ದು, ಒಂದು ಅಡ್ಡ.

ಇದೆಂತ ಪೊರ್ಬುಗಳೇ ಎಂದು ಕೇಳಿದೆ. ಅವರು ಕನ್ನಡಕ ಏರಿಸಿ ನೋಡಿದರು. ತುಂಬ ಹೊತ್ತು ನೋಡಿದರು. ನಿಜ ಹೇಳುತ್ತೇನೆ, ಅದನ್ನು ಹಾಕಿದವರು ಬೇರೆ ಯಾರೋ ಎನ್ನುವ ಹಾಗಿತ್ತು ಆ ಮುಖ. ಅವರ ತಂದೆಯೂ ದರ್ಜಿಯಂತೆ. ಸನ್ನ ಎನ್ನುವ ಇಡ್ಲಿಯ ಹಿಟ್ಟು ಹುದುಗಲಿಕ್ಕೆ ಇಡುವಾಗ ಅಮ್ಮ ಅದರ ಮೇಲೆ ಬೆರಳಿನಿಂದ ಶಿಲುಬೆ ಎಳೆದಿಡುವ ಹಾಗೆ, ಹೊಸ ಬಟ್ಟೆಗೆ ಮೊದಲ ಹೊಲಿಗೆ ಹಾಕುವಾಗ ಒಳಗೆ ಎರಡು ಎಳೆ ಹಾಕಬೇಕು ಎಂದು ಏಳನೆಯ ವಯಸ್ಸಿಗೆ ಕಲಿಸಿದ್ದು. ಆಮೇಲೆ ಅದನ್ನು ಅವರು ಯೋಚಿಸಿ ಮಾಡಿದ್ದೇ ಇಲ್ಲ. ಕೈ ಮಾಡುತ್ತಿತ್ತು.

ಎಲ್ಲದಕ್ಕೂ ಹಾಕಿದ್ದೀರಾ ಎಂದೆ. ಉತ್ತರಕ್ಕೆ ಕಾಯದೆ ನನ್ನ ಪ್ಯಾಂಟಿನ ಸೊಂಟಪಟ್ಟಿಯನ್ನು ಅಲ್ಲೇ ಮಗುಚಿ ನೋಡಿಕೊಂಡೆ, ಹಿಂದಿನ ತಿಂಗಳು ಅವರೇ ಅದನ್ನು ಸಣ್ಣ ಮಾಡಿಕೊಟ್ಟಿದ್ದರು. ಇತ್ತು. ಆ ಪ್ಯಾಂಟು ಹಾಕಿಕೊಂಡು ನಾನು ಪಾಸ್‌ಪೋರ್ಟು ಕಚೇರಿಯಲ್ಲಿ ಪೊಲೀಸರ ಎದುರು ಗಂಟೆಗಟ್ಟಲೆ ಕೂತು ಎದ್ದು ಬಂದಿದ್ದೆ. ಆಮೇಲೆ ಇಬ್ಬರೂ ಒಂದೊಂದಾಗಿ ನೆನಪಿಸಿಕೊಂಡೆವು. ಡಾಕ್ಟರುಗಳ ಬಿಳಿ ಕೋಟು. ಹೆರಿಗೆ ವಾರ್ಡಿನ ಪರದೆಗಳು. ನಿರ್ದೇಶಕರ ಹೊಸ ಥೋಬ್, ಆ ಉದ್ದ ನಿಲುವಂಗಿ. ಮೂರನೆಯ ಮಹಡಿಯ ನಮಾಜಿನ ಕೋಣೆಯ ಪರದೆ. ಆರು ವರ್ಷಗಳಿಂದ ಇಡೀ ಆಸ್ಪತ್ರೆ ಇವರ ಶಿಲುಬೆಗಳನ್ನು ಹೊತ್ತುಕೊಂಡು ಓಡಾಡುತ್ತಿತ್ತು, ಯಾರಿಗೂ ತಿಳಿಯದೆ. ನಗು ಬರಬೇಕಿತ್ತು. ನಾನು ಮೊದಲು ಮಾಡಿದ ಕೆಲಸವೆಂದರೆ ಪಾಯಿಖಾನೆಗೆ ಹೋಗಿ, ಬ್ಲೇಡಿನಿಂದ ನನ್ನ ಪ್ಯಾಂಟಿನದ್ದನ್ನು ಕಿತ್ತು ನೀರು ಬಿಟ್ಟದ್ದು.

ಹಿಂದಿರುಗಿ ಬಂದಾಗ ಅವರು ಚೀಲವೊಂದಕ್ಕೆ ಸಣ್ಣ ಕತ್ತರಿ, ಹೊಲಿಗೆ ಬಿಚ್ಚುವ ಕೊಕ್ಕೆ, ಉಳಿದಿದ್ದ ಆ ಅಂಗಿ ಹಾಕಿ ನಿಂತಿದ್ದರು. ಆಸ್ಪತ್ರೆಯ ಪರದೆಗಳ ಯೋಚನೆ ಅವರಿಗಿರಲಿಲ್ಲ.

“ಶೆಟ್ರೇ, ಜೆದ್ದಾಕ್ಕೆ ಒಂದು ಪತ್ರ ಮಾಡಿ ಕೊಡಿ. ಬಂದರಿನಲ್ಲಿ ಪೆಟ್ಟಿಗೆ ಒಡೀತಾರೆ. ಅವನು ಮುಸಲ್ಮಾನ. ಶಿಲುಬೆ ಹಾಕಿದ ಅಂಗಿಗಳನ್ನು ಮುಸಲ್ಮಾನರ ಮಕ್ಕಳಿಗೆ ಒಯ್ತಿದ್ದಾನೆ ಅಂತ ಆದ್ರೆ ಅವನ ಗತಿ ಎಂತ? ನಾನು ಹಾಕಿದ್ದಕ್ಕೆ ಅವನು ಯಾಕೆ ಜೈಲಿಗೆ ಹೋಗ್ಬೇಕು?”

ಶುಕ್ರವಾರ ಸಂಜೆಯೊಳಗೆ ಅಲ್ಲಿ ಮುಟ್ಟಿದರೆ ಇಬ್ಬರೂ ಕೂತು ಶನಿವಾರವಿಡೀ ಬಿಚ್ಚಬಹುದು, ಭಾನುವಾರದ ಹಡಗಿಗೆ ಪೆಟ್ಟಿಗೆಯೂ ಹೋಗುತ್ತದೆ, ಅವನೂ ಹೋಗುತ್ತಾನೆ ಎಂದು ವಿವರಿಸಿದರು. ಎಲ್ಲ ಸರಿಯಾಗಿತ್ತು. ಪತ್ರ ಮಾಡುವುದು ನನಗೆ ಐದು ನಿಮಿಷದ ಕೆಲಸ. ತುರ್ತಿಗೆಂದು ಮ್ಯಾನೇಜರು ಸಹಿ ಹಾಕಿಟ್ಟ ಖಾಲಿ ಹಾಳೆಗಳು ನನ್ನ ಡ್ರಾಯರಿನಲ್ಲೇ ಇರುತ್ತಿದ್ದವು. ಸೀಲೂ ಅಲ್ಲೇ.

ಆದರೆ ಪತ್ರದ ಮೂಲೆಯಲ್ಲಿ ಟೈಪು ಮಾಡಿದವನ ಹೆಸರಿನ ಮೊದಲಕ್ಷರ ಹಾಕಬೇಕು. ನನ್ನ ಹೆಂಡತಿಯ ವೀಸಾದ ಕಡತ ಆ ತಿಂಗಳು ಮೇಲಿನವರ ಮೇಜಿನಲ್ಲಿತ್ತು, ಎರಡು ವರ್ಷ ಕಾದ ಮೇಲೆ. ನಾಳೆ ಬಂದರಿನಲ್ಲಿ ಇಬ್ಬರೂ ಸಿಕ್ಕಿಬಿದ್ದು, ಈತನಿಗೆ ಪತ್ರ ಕೊಟ್ಟವರು ಯಾರು ಎಂದು ಯಾರೋ ಕೇಳುವುದು ನನಗೆ ಕಣ್ಣಿಗೆ ಕಟ್ಟಿದಂತೆ ಕಾಣಿಸಿತು. ಇಂಥದ್ದನ್ನು ಕಾಣುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

“ಸೀಲು ಮ್ಯಾನೇಜರ ಮನೆಯಲ್ಲಿ ಉಂಟು ಪೊರ್ಬುಗಳೇ,” ಎಂದೆ. “ಶನಿವಾರ ಬೆಳಿಗ್ಗೆಯೇ ಬರುವುದು.”

ಅವರು ನನ್ನನ್ನು ನೋಡಿದರು. ಶನಿವಾರ ಆದ್ರೆ ತಡ ಆಯ್ತಲ್ಲ ಎಂದಷ್ಟೇ ಹೇಳಿ, ಮಿಷನ್ನಿನ ಮೇಲೆ ಬಟ್ಟೆ ಹೊದೆಸಿ, ದೀಪ ಆರಿಸಿದರು.

ಶುಕ್ರವಾರ ಅವರು ವಸತಿಗೃಹದ ತಮ್ಮ ಕೋಣೆಯಲ್ಲಿರಲಿಲ್ಲ. ಶನಿವಾರ ಮಧ್ಯಾಹ್ನ ಮ್ಯಾನೇಜರಿಗೆ ಫೋನು ಬಂತು. ಜೆದ್ದಾ ದಾರಿಯಲ್ಲಿ ತಾಯಿಫ್ ಕಡೆಯ ತಪಾಸಣಾ ಠಾಣೆಯಲ್ಲಿ, ಬಾಡಿಗೆ ಟ್ಯಾಕ್ಸಿಯಲ್ಲಿ, ಪತ್ರವಿಲ್ಲದ ಒಬ್ಬ ಹಿಂದಿ, ಅಂದರೆ ಭಾರತದವನು. ಚೀಲದಲ್ಲಿ ಕತ್ತರಿ, ಕೊಕ್ಕೆ, ಒಂದು ಮಗುವಿನ ಅಂಗಿ. ಯಾರನ್ನು ನೋಡಲು ಹೊರಟೆ ಎಂದು ಎಷ್ಟು ಕೇಳಿದರೂ ಇದ್ರೀಸನ ಹೆಸರು ಹೇಳಲಿಲ್ಲ. ಸಮುದ್ರ ನೋಡಿ ಆರು ವರ್ಷ ಆಯಿತು, ಅದನ್ನು ನೋಡಲಿಕ್ಕೆ ಎಂದರಂತೆ. ಉತ್ತರ ಹೀಗೆ ಬಂದಷ್ಟೂ ಪೊಲೀಸರ ಅನುಮಾನ ಹೆಚ್ಚಾಯಿತು. ನಮ್ಮ ಮ್ಯಾನೇಜರು ಪೊಲೀಸರ ಫೋನಿಗೆ ಯಾವಾಗಲೂ ಕೊಡುವ ಉತ್ತರ ಒಂದೇ: ನಮಗೆ ಬೇಡ, ಊರಿಗೆ ಕಳಿಸಿಬಿಡಿ. ಪೊರ್ಬುಗಳ ಎಕ್ಸಿಟ್ ಕಾಗದಗಳನ್ನು ಟೈಪು ಮಾಡಿದವನು ನಾನು. ಸೀಲು ಒತ್ತಿದವನೂ ನಾನೇ.

ಮೂರು ವಾರದ ಮೇಲೆ ಪಾಸ್‌ಪೋರ್ಟು ತಲುಪಿಸಲು ಆಸ್ಪತ್ರೆಯವರು ನನ್ನನ್ನೇ ಗಡೀಪಾರು ಕೇಂದ್ರಕ್ಕೆ ಕಳಿಸಿದರು. ಜಾಲರಿಯ ಆಚೆ ನೂರಾರು ಜನ. ಪೊರ್ಬುಗಳು ತೀರಾ ಇಳಿದುಹೋಗಿದ್ದರು. ನಾನು ಪಾಸ್‌ಪೋರ್ಟನ್ನು ಕಾವಲಿನವನಿಗೆ ಕೊಟ್ಟು ರಸೀದಿಗೆ ಸಹಿ ಹಾಕಿಸಿಕೊಂಡೆ.

“ಸೀಲು ಸಿಕ್ಕಿತಾ ಶೆಟ್ರೇ?” ಎಂದು ಅವರೇ ಕೇಳಿದರು.

ಶನಿವಾರ ಸಿಕ್ಕಿತು ಎಂದೆ.

“ಒಳ್ಳೇದಾಯ್ತು. ನಿಮ್ಮ ಹೆಂಡತಿಯ ಪೇಪರಿಗೂ ಅದೇ ಬೇಕಲ್ಲ.”

ಆ ಮಾತಿನಲ್ಲಿ ಚುಚ್ಚು ಇತ್ತೋ ಇಲ್ಲವೋ ಎಂದು ನಾನು ಇಂದಿಗೂ ಮಗುಚಿ ಮಗುಚಿ ನೋಡುತ್ತೇನೆ. ಇತ್ತು ಎಂದು ಗೊತ್ತಾದರೆ ಎಷ್ಟೋ ಹಗುರ. ಅವರು ಜಾಲರಿಗೆ ಹತ್ತಿರ ಬಂದು, ತಮ್ಮ ಮೇಜಿನ ಕೆಳಗೆ ಕತ್ತರಿಸಿಟ್ಟ ಬಟ್ಟೆ ಒಂದು ಪೆಟ್ಟಿಗೆಯಷ್ಟು ಉಂಟು, ಹೊಲಿಯಲಿಕ್ಕೆ ಆಗಲಿಲ್ಲ, ಹಾಗೆಯೇ ಕಳಿಸಿದರೂ ಅಡ್ಡಿಯಿಲ್ಲ, ಅಲ್ಲಿ ತಂಗಿಯ ಹತ್ತಿರ ಒಂದು ಕೈಮಿಷನ್ ಉಂಟು ಎಂದರು. ಚಳಿಗೆ ಮೊದಲು ಮುಟ್ಟಬೇಕು ಎಂದರು. ಕಾವಲಿನವನು ಯಲ್ಲಾ, ನಡಿ ಎಂದ. ನಾನು ಹೊರಟು ಬಂದೆ. ಮತ್ತೆ ನಾವು ಭೇಟಿಯಾಗಲಿಲ್ಲ. ಮಂಗಳೂರಿಗೂ ಉಡುಪಿಗೂ ಒಂದೂವರೆ ಗಂಟೆಯ ದಾರಿ.

ಇದ್ರೀಸ್ ರಜೆ ಮುಗಿಸಿ ಬಂದ. ಬಂದರಿನಲ್ಲಿ ಪೆಟ್ಟಿಗೆ ಒಡೆದದ್ದು ಹೌದಂತೆ. ಅಧಿಕಾರಿ ಒಂದು ಅಂಗಿಯನ್ನು ಎತ್ತಿ ತನ್ನ ಅಂಗೈಯ ಮೇಲೆ ಹರಡಿ, ಇಷ್ಟು ಸಣ್ಣದು ಯಾವ ಮಗುವಿಗೆ ಎಂದು ಕೇಳಿದನಂತೆ. ಮೂರು ವರ್ಷದ್ದಕ್ಕೆ ಎಂದಾಗ ಅದನ್ನು ಮಡಿಸಿ ಒಳಗಿಟ್ಟು, ತಾನೇ ಪೆಟ್ಟಿಗೆಗೆ ಹಗ್ಗ ಬಿಗಿದು ಕೊಟ್ಟನಂತೆ. ಒಳಮಡಿಕೆಯನ್ನು ಯಾರೂ ನೋಡಲಿಲ್ಲ. ಅಂಗಿಗಳು ಮುಟ್ಟಿದವು, ತಾಯಂದಿರು ಬಂದರು. ಈಗ ಮುಗಿಯುತ್ತ ಬಂದಿವೆ, ಸಿಸ್ಟರು ಇನ್ನೂ ಕೇಳುತ್ತಿದ್ದಾರೆ, ಖಯ್ಯಾತ್ ಎಲ್ಲಿ ಎಂದು ಇದ್ರೀಸ್ ಕೇಳಿದ. ನಾನು ಎಲ್ಲ ಹೇಳಿದೆ. ಡ್ರಾಯರಿನಲ್ಲಿದ್ದ ಸೀಲಿನ ಮಾತನ್ನೂ ಹೇಳಿದೆ. ಅವನು ಗಾಡಿಯ ಬೀಗದ ಕೈ ಎತ್ತಿಕೊಂಡು, ತನ್ನ ಊರಿನವನೊಬ್ಬ ಈ ವಾರ ಹೋಗುತ್ತಿದ್ದಾನೆ, ಪೆಟ್ಟಿಗೆಯನ್ನು ಗೇಟಿನ ಹೊರಗೆ ತಂದುಕೊಡು ಎಂದ. ಅದು ಮಾತ್ರ ನಿನ್ನ ಕೆಲಸ ಎಂದ.

ಗೇಟಿನಿಂದ ಏನು ಹೊರಗೆ ಹೋಗಬೇಕಾದರೂ ಒಂದು ಪಾಸು ಬೇಕು. ಏನು ವಸ್ತು, ಯಾರ ಹೊಣೆ ಎಂದು ಬರೆಯಬೇಕು. ನೆಲಮಾಳಿಗೆಗೆ ಇಳಿದು, ಧೂಳು ಕೂತ ಮೇಜಿನ ಕೆಳಗಿನಿಂದ ಪೆಟ್ಟಿಗೆ ಎಳೆದೆ. ಎರಡೂ ತೋಳು, ಎದೆ, ಬೆನ್ನು, ಒಂದೊಂದು ಮಗುವಿನದ್ದೂ ಬೇರೆ ಬೇರೆಯಾಗಿ ದಾರ ಸುತ್ತಿ ಇಟ್ಟಿದ್ದರು. ಅದರ ಮೇಲೆ ಹಗ್ಗ ಬಿಗಿದು, ಅಲ್ಲೇ ಕೂತು ಪಾಸು ತುಂಬಿಸಿದೆ. ವಸ್ತು: ಹಳೆಯ ಬಟ್ಟೆ. ಹೊಣೆ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಆ ಹೊತ್ತಿಗೆ ನನ್ನ ಹೆಂಡತಿಯ ವೀಸಾ ಬಂದಿತ್ತು, ಟಿಕೆಟ್ಟೂ ಆಗಿತ್ತು. ಒಮ್ಮೆ ಹೊರಹಾಕಿದವರನ್ನು ಇನ್ನೊಮ್ಮೆ ಹೊರಹಾಕಲು ಬರುವುದಿಲ್ಲವಲ್ಲ ಎಂದುಕೊಂಡು ಪೊರ್ಬುಗಳ ಪೂರ್ತಿ ಹೆಸರು ಬರೆದೆ.

ಗೇಟಿನಲ್ಲಿ ಆ ದಿನ ಹೊಸ ಕಾವಲುಗಾರ. ಪಾಸನ್ನು ಎರಡು ಸಲ ಓದಿದ. ನನ್ನ ಇಕಾಮಾ ಕೇಳಿ, ಹೆಸರು ಹೋಲಿಸಿ ನೋಡಿದ. ಇದು ನೀನಲ್ಲ, ಈ ಮನುಷ್ಯ ಎಲ್ಲಿ ಎಂದು ಕೇಳಿದ.

ರಸ್ತೆಯ ಆಚೆ ಇದ್ರೀಸ್ ಗಾಡಿಯ ಹಿಂಬಾಗಿಲು ತೆಗೆದು ನಿಂತಿದ್ದ.

“ಒಳಗಿದ್ದಾನೆ,” ಎಂದೆ. “ಹೊಲಿಯುತ್ತಿದ್ದಾನೆ.”